ಎತ್ತಿಗೆ ಹೇಳಿದ ಮಾತು

ಈಗಷ್ಟೇ ಪ್ರವಚನದ ನಡುವೆ ಒಬ್ಬ ಹಿರಿಯರು ಎದ್ದು ನಿಂತು ಒಂದು ಮಾತು ಕೇಳಿದರು. ಎಲ್ಲರಿಗೂ ಕೇಳಿಸಿರಬೇಕು. ‘ಅಪ್ಪಾರ, ದಿನಾ ಪೂಜಿ ಮಾಡ್ತೀವ್ರಿ, ದಿನಾ ದೀಪಾ ಹಚ್ತೀವ್ರಿ. ಆದ್ರೂ ಸಂಸಾರದ ಗಾಡಿ ಮುಂದಕ್ಕ ಹೋಗವಲ್ದು. ದೇವ್ರು ನಮ್ಮ ಮಾತು ಯಾಕ ಕೇಳವಲ್ಲ?’ ಒಳ್ಳೆಯ ಪ್ರಶ್ನೆ. ಆದರೆ ನೋಡಿ, ಗಾಡಿ ಹೋಗುತ್ತಿಲ್ಲ ಅಂತ ದೂರು ಬಂದಾಗ ದೇವರನ್ನು ಕರೆದು ವಿಚಾರಿಸುವುದಕ್ಕಿಂತ ಮುಂಚೆ ಗಾಡಿಯನ್ನು ಒಂದು ಸಲ ನೋಡಬೇಕೋ ಬೇಡವೋ? ಅದಕ್ಕೊಂದು ದೃಷ್ಟಾಂತ ಹೇಳುತ್ತೇನೆ. ಮಂಟಪದ ಕಂಬಕ್ಕೆ ಒರಗಿ ಕೂತವರು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ. ಕಂಬ ಬೀಳುವುದಿಲ್ಲ, ನೀವೇ ಬೀಳುತ್ತೀರಿ.

ಒಂದು ಊರು, ಆ ಊರಲ್ಲೊಬ್ಬ ಸಾಹುಕಾರ. ಯಾವ ಊರು, ಯಾವ ಸಾಹುಕಾರ ಅಂತ ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲೇ ಕೆಲವರು ಚಪ್ಪಲಿ ಹುಡುಕಿಕೊಂಡು ಎದ್ದು ಹೋಗುತ್ತೀರಿ. ಸಾಹುಕಾರನಿಗೆ ಒಬ್ಬ ಅಣ್ಣ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಎದೆಮಟ್ಟದ್ದು. ಅಣ್ಣನ ಹತ್ತಿರ ಒಂದು ಜೋಡಿ ಎತ್ತು. ಅದರಲ್ಲಿ ಬಲಗಡೆಯದರ ಹೆಸರು ಸರದಾರ. ಈ ಕಥೆಯಲ್ಲಿ ಮನುಷ್ಯರಿಗೆ ಯಾರಿಗೂ ಹೆಸರಿಲ್ಲ, ಎತ್ತಿಗೆ ಮಾತ್ರ ಇದೆ. ಯಾಕೆ ಅಂದರೆ ಇಡೀ ಕಥೆಯಲ್ಲಿ ಮರ್ಯಾದೆಯಿಂದ ನಡೆದುಕೊಂಡದ್ದು ಅದೊಂದೇ.

ಸಾಹುಕಾರ ಒಂದು ಟ್ರ್ಯಾಕ್ಟರ್ ತಂದ. ಕೆಂಪು ಬಣ್ಣ, ಬಾನೆಟ್ಟಿನ ಮೇಲೆ ಹೊಳೆಯುವ ಕುದುರೆ, ಹಿಂದೆ ಬಣ್ಣಬಣ್ಣದ ಗೊಂಡೆ, ಮಡ್‌ಗಾರ್ಡ್ ಮೇಲೆ ನೀರಿನ ಕೊಡದಷ್ಟು ದೊಡ್ಡ ಸ್ಪೀಕರ್. ಇವನು ಹೊಲದಲ್ಲಿ ಹಾಡು ಹಾಕಿದರೆ ಪಕ್ಕದ ಊರಿನ ಕೋಳಿಗಳು ಮೊಟ್ಟೆ ಇಡೋದನ್ನು ಅರ್ಧಕ್ಕೆ ನಿಲ್ಲಿಸುತ್ತಿದ್ದವಂತೆ. ಟ್ರ್ಯಾಕ್ಟರ್ ಮನೆಗೆ ಬಂದ ದಿನ ಅಣ್ಣ ಗೋಡೆ ಬಳಸಿ ಬಂದ, ಒಂದು ಸುತ್ತು ಹಾಕಿದ, ಬಾನೆಟ್ ತಟ್ಟಿದ, ‘ಚಲೋ ಐತಿ’ ಅಂದ. ಅಷ್ಟೇ ಅಂದು ಹೋದ.

ಸಾಹುಕಾರ ಊಟಕ್ಕೆ ಕೂತ, ರೊಟ್ಟಿ ಮುರಿದ, ಮುರಿದದ್ದು ಕೈಯಲ್ಲೇ ಉಳಿಯಿತು.

‘ಚಲೋ ಐತಿ ಅಂದ. ಭಾಳ ಚಲೋ ಐತಿ ಅನ್ನಾಕ ಏನಾಗಿತ್ತು ಅವಗ?’

ಹೆಂಡತಿ ಪಲ್ಯ ಬಡಿಸುತ್ತ ‘ಚಲೋ ಅಂದ್ರ ಚಲೋನ ಅಲ್ರೀ?’ ಅಂದಳು.

‘ನಿನಗ ತಿಳಿಯೂದಿಲ್ಲ ಬಿಡು. ಹೊಟ್ಟ್ಯಾಗ ಕಿಚ್ಚು ಇದ್ದವರ ಬಾಯಾಗ ಭಾಳ ಅನ್ನೂ ಮಾತು ಬರೂದಿಲ್ಲ.’

ಮರುದಿನ ಟೈರಿಗೆ ಜಾಲಿಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ಮುಗಿಯಿತಲ್ಲ! ಮುಳ್ಳು ಜಾಲಿಯದು, ಆದರೆ ಕಣ್ಣು ಅಣ್ಣನದು ಅಂತ ತೀರ್ಮಾನವಾಯಿತು.

ಇನ್ನು ಅಣ್ಣನ ಕಡೆಯದನ್ನೂ ಕೇಳಿ. ಪಂಕ್ಚರ್ ಹಾಕಿಸಿಕೊಂಡು ಸಾಹುಕಾರ ಮೊದಲ ಸಲ ಊರಲ್ಲಿ ಮೆರವಣಿಗೆ ಹೊರಟಾಗ ಅಣ್ಣ ಹೊಸ ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ನಿಂತಿದ್ದ. ಯಾತಕ್ಕೆ ನಿಂತಿದ್ದ? ‘ಬಾ ಅಣ್ಣಾ, ಹತ್ತು’ ಅಂತ ತಮ್ಮ ಕರೆಯುತ್ತಾನೆ ಅಂತ. ಸಾಹುಕಾರ ರುಮಾಲನ್ನು ನೋಡಿದ. ನೋಡಿಯೂ ಕ್ಲಚ್ ಬಿಟ್ಟ, ಸ್ಪೀಕರ್ ಜೋರು ಮಾಡಿದ, ಮುಂದೆ ಹೋದ. ಕನ್ನಡಿಯಲ್ಲಿ ರುಮಾಲು ಸಣ್ಣದಾಗುತ್ತ ಹೋಯಿತು. ಕಾಲು ಬ್ರೇಕಿನ ಕಡೆ ಹೋದದ್ದೂ ನಿಜ. ಆದರೆ ಗೇರ್ ಬಿದ್ದಾಗಿತ್ತು, ನಿಲ್ಲಿಸಲಿಲ್ಲ.

ಅಲ್ಲಿಂದ ಇಬ್ಬರಿಗೂ ಮಾತಿಲ್ಲ. ಮಾತಿಲ್ಲ ಅಂದರೆ ಹೇಗೆ? ಹೊಲ ಪಕ್ಕಪಕ್ಕ, ಕಾಲುವೆ ಒಂದೇ, ಗೋಡೆ ಒಂದೇ. ಹಾಗಾಗಿ ಅಣ್ಣ ಎತ್ತಿನ ಜೊತೆ ಮಾತಾಡತೊಡಗಿದ. ‘ಏ ಸರದಾರ, ನಾಳೆ ನೀರಿನ ಪಾಳಿ ನಮ್ಮದೈತಿ, ಯಾರರ ಒಡ್ಡು ಒಡದಾರು, ನೋಡ್ಕೋಪಾ.’ ಗೋಡೆಯ ಈಚೆ ಸಾಹುಕಾರ ಟ್ರ್ಯಾಕ್ಟರಿನ ಬಾನೆಟ್ ಒರೆಸುತ್ತ ಟ್ರ್ಯಾಕ್ಟರಿಗೆ ಹೇಳುತ್ತಿದ್ದ: ‘ಕೇಳಿದೇನವಾ? ಕಾಲುವಿ ಏನು ಅವರಪ್ಪಂದಲ್ಲ ಅಂತ ಹೇಳು.’ ಅವರಪ್ಪ ಅಂದರೆ ಯಾರು? ಇವನಪ್ಪನೇ! ಸರದಾರ ಮೇವು ಮೆಲ್ಲುತ್ತಿತ್ತು, ಟ್ರ್ಯಾಕ್ಟರ್ ಸುಮ್ಮನಿರುತ್ತಿತ್ತು. ಊರವರು ಇದನ್ನು ನೋಡಿ ನಕ್ಕರೇ? ಇಲ್ಲ. ಯಾಕೆ ನಗಲಿಲ್ಲ? ಅವರವರ ಮನೆಯಲ್ಲೂ ಗೋಡೆಗೋ ಬೆಕ್ಕಿಗೋ ಹೇಳುವುದು ನಡೆದೇ ಇತ್ತು. ಇಬ್ಬರು ಓರಗಿತ್ತಿಯರು ಮಾತ್ರ ಅದೇ ಗೋಡೆಯ ಮೇಲಿಂದ ದಿನಾ ಮಜ್ಜಿಗೆ, ಹೆಪ್ಪು, ಕರಿಬೇವು ಕೊಟ್ಟು ತೆಗೆದುಕೊಂಡು ಸುಖವಾಗಿದ್ದರು. ಗಂಡಂದಿರ ಜಗಳಕ್ಕೆ ಅವರಿಗೆ ಪುರಸೊತ್ತೇ ಇರಲಿಲ್ಲ.

ಈಗ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಗಾಡಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಆದರೆ ಸಾಹುಕಾರ ಒಂದು ಲಿಂಬೆಹಣ್ಣಿನಿಂದ ಅಣ್ಣನ ಕಣ್ಣು ತಡೆಯಲಾರದು ಅಂದುಕೊಂಡ. ಲಿಂಬೆಹಣ್ಣು, ಮೆಣಸಿನಕಾಯಿ, ಗೇರುಬೀಜ, ಕರಿಕಂಬಳಿಯ ತುಂಡು, ಕುದುರೆ ಲಾಳ, ಹರಿದ ಒಂಟಿ ಚಪ್ಪಲಿ, ಎಲ್ಲ ಸೇರಿಸಿ ಒಂದು ಗಂಟು ಮಾಡಿದ. ಹಸುಗೂಸಿನಷ್ಟು ದಪ್ಪ ಆಯಿತು. ಅದನ್ನು ಮುಂದಿನ ಬಂಪರಿಗೆ ಕಟ್ಟಿದರೆ ರಸ್ತೆಗೆ ಮುಖ ಆಗುತ್ತದೆ. ಅಣ್ಣನ ಮನೆಯ ಕಡೆ ಮುಖ ಆಗಬೇಕಲ್ಲ! ಸೀಟಿನ ಮುಂದೆ ಹುಡುಕಿದ. ಸ್ಟೇರಿಂಗ್ ಪಕ್ಕದಲ್ಲಿ ಒಂದು ಕರಿ ಗುಂಡಿ ಸಿಕ್ಕಿತು. ಅದನ್ನು ಜಗ್ಗಿದ, ಹೊರಗೆ ಬಂತು. ಆಹಾ, ನನಗಾಗಿಯೇ ಕೊಕ್ಕೆ ಇಟ್ಟಿದ್ದಾರೆ ಅಂತ ಕರಿ ದಾರದಿಂದ ಗಂಟನ್ನು ಆ ಗುಂಡಿಗೆ ಬಿಗಿದು, ದಾರವನ್ನು ಸ್ಟೇರಿಂಗ್ ಕಂಬಕ್ಕೆ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದ.

ಟ್ರ್ಯಾಕ್ಟರ್ ಇದ್ದವರು ಯಾಕೆ ನಗುತ್ತಿದ್ದೀರಿ? ಇಲ್ಲದವರಿಗೂ ಹೇಳೋಣ. ನೋಡಿ ತಾಯಂದಿರೇ, ಟ್ರ್ಯಾಕ್ಟರಿನ ಎಂಜಿನ್ ಚಾವಿ ತಿರುಗಿಸಿದರೆ ನಿಲ್ಲುವುದಿಲ್ಲ. ನಿಲ್ಲಿಸುವುದಕ್ಕೆ ಒಂದು ಸ್ಟಾಪ್ ಗುಂಡಿ ಇರುತ್ತದೆ, ಅದನ್ನು ಜಗ್ಗಬೇಕು. ಜಗ್ಗಿದರೆ ಎಂಜಿನ್ನಿಗೆ ಡೀಸೆಲ್ ಬಂದ್. ಅದನ್ನು ಒಳಗೆ ಒತ್ತುವ ತನಕ ನೀವು ಟ್ಯಾಂಕಿಗೆ ಡೀಸೆಲ್ ಅಲ್ಲ, ಅಮೃತ ಹಾಕಿದರೂ ಎಂಜಿನ್ ಹತ್ತುವುದಿಲ್ಲ. ಈ ಹೊಸಬ ಮಾತ್ರ ಅದುವರೆಗೆ ಗೇರಿನಲ್ಲೇ ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸುತ್ತಿದ್ದ, ಗುಂಡಿಯ ಕಡೆ ನೋಡಿರಲೇ ಇಲ್ಲ. ಸಾಹುಕಾರ ತನ್ನ ಕೈಯಾರೆ ಅದನ್ನೇ ಜಗ್ಗಿ, ಕಟ್ಟಿ, ಊದಿನಕಡ್ಡಿ ಬೆಳಗಿ, ಕೈಮುಗಿದ. ಆಮೇಲೆ ಯಾರ ಕಣ್ಣಿಗೂ ಬೀಳದಿರಲಿ ಅಂತ ಮೇಲೆ ತಾಡಪತ್ರಿ ಹೊದಿಸಿಬಿಟ್ಟ. ಗೋಡೆಯ ಆಚೆ ಅಣ್ಣ ಸರದಾರನ ಮೈ ತಿಕ್ಕುತ್ತ ಇದೆಲ್ಲ ನೋಡಿದ್ದ.

ಈ ಅಣ್ಣತಮ್ಮಂದಿರಿಗೆ ಒಬ್ಬಳೇ ತಂಗಿ. ಹಳ್ಳದ ಆಚೆಯ ಊರಿಗೆ ಕೊಟ್ಟಿದ್ದರು. ಅವಳ ಮಗಳ ಮದುವೆ ಬಂತು. ಮದುವೆಗೆ ಮುಂಚೆ ಮನೆಯ ಮುಂದೆ ಚಪ್ಪರದ ಹಂದರ ಹಾಕಬೇಕು. ಹಂದರದ ಮೊದಲ ಕಂಬ, ಹಾಲಗಂಬ, ತವರಿನಿಂದ ಸೋದರಮಾವ ತರಬೇಕು, ಹೊತ್ತು ಮುಳುಗುವುದರೊಳಗೆ ನಿಲ್ಲಿಸಬೇಕು. ಅವ್ವ ಅಪ್ಪ ತೀರಿಕೊಂಡ ಮೇಲೆ ಆ ಹೆಣ್ಣುಮಗಳಿಗೆ ತವರು ಅಂದರೆ ಈ ಇಬ್ಬರೇ. ಅವಳು ಇಬ್ಬರಿಗೂ ಫೋನ್ ಮಾಡಿದಳು. ಇಬ್ಬರಿಗೂ ಒಂದೇ ಮಾತು ಹೇಳಿದಳು.

‘ಕಂಬಾ ಇಬ್ಬರೂ ಕೂಡಿ ಹಿಡೀಬೇಕು. ಒಬ್ಬರಷ್ಟ ಬಂದು ನಿಂದ್ರೂದಾದ್ರ ಯಾರೂ ಬರಬ್ಯಾಡ್ರಿ. ಬಾಗಲಾಗ ಒನಕೆ ನಿಲ್ಲಿಸಿ ಹಂದರಾ ಹಾಕಿಸ್ತೀನಿ. ನನಗ ತವರು ಇಲ್ಲ ಅಂತ ತಿಳಕೋತೀನಿ.’

ಹೀಗಂದು ಫೋನ್ ಇಟ್ಟಳು. ಹಾಲಗಂಬದ ಜಾಗದಲ್ಲಿ ಒನಕೆ ನಿಂತ ಮನೆ ಎಲ್ಲಾದರೂ ಕೇಳಿದ್ದೀರಾ? ಮಗಳ ಗಂಡನ ಮನೆಯವರು ಸಾಯುವ ತನಕ ಆಡಿಕೊಳ್ಳುತ್ತಾರೆ. ಆದರೂ ಸಾಹುಕಾರ ಏನು ಲೆಕ್ಕ ಹಾಕಿದ? ‘ನಾನು ಟ್ರ್ಯಾಕ್ಟರಿನಲ್ಲಿ ಕಂಬ ತಗೊಂಡು ಮೊದಲು ಹೋಗಿಬಿಡ್ತೀನಿ. ಅವನು ಹಂದರಕ್ಕೆ ಹೊದಿಸುವ ಸೊಪ್ಪು ತಪ್ಪಲು ಹೇರಿಕೊಂಡು ಎತ್ತಿನ ಚಕ್ಕಡಿಯಲ್ಲಿ ಹಿಂದಿನಿಂದ ಬರಲಿ. ಕಂಬ ಹಿಡಿಯುವಾಗ ನಾನು ಆ ಕಡೆ ಮುಖ ಮಾಡ್ತೀನಿ, ಅವನು ಈ ಕಡೆ ಮಾಡಲಿ.’ ಎಂಥ ಬುದ್ಧಿವಂತಿಕೆ ನೋಡಿ!

ಹಂದರದ ದಿನ ಮುಂಜಾನೆ ಕಂಬ ಕಡಿದು ಟ್ರೇಲರಿಗೆ ಹೇರಿ, ಅರಿಷಿಣ ಹಚ್ಚಿ, ಸಾಹುಕಾರ ತಲೆಗೆ ಜರತಾರಿ ಪಟಗ ಸುತ್ತಿಕೊಂಡು ಸೀಟೇರಿದ. ಆಚೆ ಅಣ್ಣ ಹಸಿ ತಪ್ಪಲು ಹೇರಿ ಚಕ್ಕಡಿ ಹೂಡಿ ನಿಂತಿದ್ದ. ಸಾಹುಕಾರ ಚಾವಿ ತಿರುಗಿಸಿದ. ಗರ್ರ್, ಗರ್ರ್, ಗರ್ರ್. ಹತ್ತಲಿಲ್ಲ. ಮತ್ತೆ ತಿರುಗಿಸಿದ. ಗರ್ರ್. ಮತ್ತೆ ಗರ್ರ್. ಟ್ರ್ಯಾಕ್ಟರ್ ಗಂಟಲು ಸರಿಮಾಡಿಕೊಳ್ಳುತ್ತದೆ, ಹಾಡುವುದಿಲ್ಲ.

ಮೊದಲು ರಿಟೈರ್ ಆದ ಬಸ್ ಡ್ರೈವರ್ ಬಂದ. ಸೊಂಟದ ಮೇಲೆ ಕೈಯಿಟ್ಟು ಟ್ರ್ಯಾಕ್ಟರ್ ಸುತ್ತ ತಿರುಗಿದ. ‘ಘಾಟಿನ್ಯಾಗ ಬಸ್ಸು ಇಳಿಸಿದಾವ್ರೀ ನಾ. ಇದು ಬ್ಯಾಟ್ರಿ’ ಅಂದ. ಬ್ಯಾಟರಿಯ ತಂತಿ ಬಿಚ್ಚಿ, ಉಜ್ಜಿ, ಕಟ್ಟಿದರು. ಗರ್ರ್. ‘ಹಂಗಾದ್ರ ಬ್ಯಾಟ್ರಿ ಅಲ್ಲ’ ಅಂದು ನೆರಳಿಗೆ ಕೂತ. ಆಮೇಲೆ ಹಿಟ್ಟಿನ ಗಿರಣಿಯವನು ಬಂದ. ‘ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕೈತ್ರಿ’ ಅಂತ ಸ್ಕ್ರೂ ಸಡಿಲಿಸಿದ, ಪಂಪ್ ಒತ್ತಿದ, ಫಿಲ್ಟರ್ ಬಿಚ್ಚಿದ, ಊದಿದ, ಮೂಸಿ ನೋಡಿದ, ಸಾಹುಕಾರನಿಗೂ ಮೂಸಲು ಕೊಟ್ಟ. ಎಲ್ಲ ಬಿಚ್ಚಿದರು, ಎಲ್ಲ ಮುಟ್ಟಿದರು. ಒಂದೇ ಒಂದನ್ನು ಬಿಟ್ಟು! ಗಿರಣಿಯವನ ಕೈ ಸ್ಟೇರಿಂಗಿನ ಹತ್ತಿರ ಹೋದಾಗ ಡ್ರೈವರ್ ನೆರಳಿನಿಂದಲೇ ಕೂಗಿದ: ‘ಏ, ಗಂಟು! ಮುಟ್ಟಬ್ಯಾಡ, ಕಣ್ಣು ನಿನಗ ಹತ್ತತೈತಿ!’ ಗಿರಣಿಯವನು ಬೆಂಕಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ತೆಗೆದ. ಮುಂದಿನ ಅಮಾವಾಸ್ಯೆಯ ತನಕ ದೃಷ್ಟಿಗಂಟು ಮುಟ್ಟಬಾರದು, ಗೊತ್ತಲ್ಲ? ಗೊತ್ತಿದೆ, ಅದಕ್ಕೇ ತಲೆ ಆಡಿಸುತ್ತಿದ್ದೀರಿ.

ಆಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಅಣ್ಣ ಸರದಾರನ ಕಿವಿಗೆ ಬಾಗಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದ:

‘ನೋಡಪಾ ಸರದಾರ. ಸ್ಟಾಪ್ ಗುಂಡಿ ಜಗ್ಗಿ ಅದಕ್ಕ ಲಿಂಬಿಹಣ್ಣಿನ ಗಂಟು ಕಟ್ಟಿದ್ರ ಎಂಜಿನ್ ಹತ್ತತೈತೇನು? ನೀ ಎತ್ತು ಅದೀ, ನಿನಗರ ತಿಳೀತೈತಿ.’

ಸಾಹುಕಾರನ ಕಣ್ಣು ತಾನಾಗಿಯೇ ಗುಂಡಿಯ ಕಡೆ ಹೋಯಿತು. ಕರಿ ಗುಂಡಿ, ಪಕ್ಕದಲ್ಲಿ ಕೆಂಪು ಅಕ್ಷರ. ಅಯ್ಯೋ ಶಿವನೇ! ಹೌದಲ್ಲ! ಕೈ ಮುಂದೆ ಹೋಯಿತು. ಅರ್ಧ ದಾರಿ ಹೋದ ಕೈ ಅಲ್ಲೇ ನಿಂತಿತು. ಈಗ ನಾನಿದನ್ನು ಒತ್ತಿ, ಎಂಜಿನ್ ಹತ್ತಿಬಿಟ್ಟರೆ? ಅವನು ಹೇಳಿದ್ದಕ್ಕೇ ಹತ್ತಿತು ಅಂದಂತೆ ಆಗುವುದಿಲ್ಲವೇ? ಅದೂ ಎತ್ತಿಗೆ ಹೇಳಿದ್ದನ್ನು ನಾನು ಕೇಳಿದಂತೆ ಆಗುವುದಿಲ್ಲವೇ? ಆ ಕೈಯಿಂದ ಮೂಗು ತುರಿಸಿಕೊಂಡ.

ಗಿರಣಿಯವನು ಮೆಲ್ಲಗೆ ‘ಸಾಹುಕಾರ್ರ, ಅಣ್ಣಾರು ಏನೋ ಅಂದಂಗಾತು’ ಅಂದ.

‘ನನಗೇನೂ ಕೇಳಿಸ್ಲಿಲ್ಲ. ನಿನಗ ಕೇಳಿಸ್ತೇನು?’

ಗಿರಣಿಯವನು ಸಾಹುಕಾರನ ಮುಖ ನೋಡಿದ, ಗಂಟು ನೋಡಿದ. ‘ನನಗೂ ಕೇಳಿಸ್ಲಿಲ್ಲ ಬಿಡ್ರಿ’ ಅಂದ.

ಇಲ್ಲಿಂದ ನೋಡಿ ನಿಜವಾದ ತಮಾಷೆ. ರೋಗ ಗೊತ್ತಾಗಿದೆ, ಮದ್ದು ಗೊತ್ತಾಗಿದೆ, ಮದ್ದು ಗೇಣುದೂರದಲ್ಲಿದೆ. ಆದರೂ ಸಾಹುಕಾರ ಚಿಕಿತ್ಸೆ ಮುಂದುವರಿಸಿದ! ‘ಟೈರಿನ ಗಾಳಿ ನೋಡ್ರಿ’ ಅಂದ. ಟೈರಿನ ಗಾಳಿಗೂ ಎಂಜಿನ್ನಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ, ಗಾಳಿ ನೋಡಿದರು. ‘ಡೀಸೆಲ್ ಕೆಟ್ಟಿರಬೇಕು’ ಅಂದ. ಟ್ಯಾಂಕ್ ಖಾಲಿ ಮಾಡಿ ಬೇರೆ ಡೀಸೆಲ್ ತುಂಬಿದರು. ‘ಸ್ಪೀಕರ್ ಭಾರಕ್ಕ ಎಳೀಲಿಕ್ಕಿಲ್ಲ’ ಅಂದ. ಸ್ಪೀಕರ್ ಇಳಿಸಿದರು. ಊರ ಅಯ್ಯನವರನ್ನು ಕರೆಸಿದರು. ಅಯ್ಯನವರು ಪಂಚಾಂಗ ತೆರೆದು, ಟ್ರ್ಯಾಕ್ಟರಿನ ಮುಖ ದಕ್ಷಿಣಕ್ಕಿದೆ, ಉತ್ತರಕ್ಕೆ ತಿರುಗಿಸಿ ಅಂದರು. ನೆರೆದವರೆಲ್ಲ ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಎತ್ತರಿಸಿದ ಅಂಗಳದಲ್ಲೇ ಹಿಂದೆ ಮುಂದೆ ನೂಕಿ ತಿರುಗಿಸುವಷ್ಟರಲ್ಲಿ ಒಬ್ಬನ ಧೋತರ ಹರಿಯಿತು, ಸಾಹುಕಾರನ ಹೆಂಡತಿಯ ತುಳಸಿಕಟ್ಟೆ ವಾಲಿತು. ಉತ್ತರಕ್ಕೆ ಮುಖ ಮಾಡಿ ಚಾವಿ ತಿರುಗಿಸಿದ. ಗರ್ರ್. ಅಯ್ಯನವರು ‘ಇದು ಉತ್ತರ ಅಲ್ಲ, ವಾಯವ್ಯ’ ಅಂದು ಚಹಾ ಕುಡಿದು ಹೋದರು.

ನಡುವೆ ಒಂದು ಸಲ ಸಾಹುಕಾರ ಕಳ್ಳತನದಿಂದ ಗುಂಡಿ ಒತ್ತಲೂ ನೋಡಿದ. ತನ್ನದೇ ಟ್ರ್ಯಾಕ್ಟರಿನಲ್ಲಿ ಕಳ್ಳ! ಧೂಳು ಒರೆಸುವವನ ಹಾಗೆ ಅರಿವೆ ಹಿಡಿದು ಬಗ್ಗಿದ. ಆದರೆ ದಾರಕ್ಕೆ ಲಿಂಬೆಹಣ್ಣಿನ ರಸ ಇಳಿದು ಗಂಟು ಕಲ್ಲಾಗಿತ್ತು, ಬಿಚ್ಚುವುದಕ್ಕೆ ಉಗುರು ಸಾಲದು. ಹಲ್ಲು ಹಾಕೋಣ ಅಂತ ಬಾಯಿ ತೆರೆದ. ಆಚೆಯಿಂದ ಕೆಮ್ಮು ಬಂತು. ಸಾಹುಕಾರ ತೆರೆದ ಬಾಯನ್ನು ಆಕಳಿಕೆ ಮಾಡಿ ಮುಚ್ಚಿಕೊಂಡ.

ಹೆಂಡತಿಗೆ ತಡೆಯಲಾಗಲಿಲ್ಲ. ಹೊರಗೆ ಬಂದಳು.

‘ಏನ್ರೀ, ಭಾವಾರು ಮುಂಜಾನೇನ ಹೇಳ್ಯಾರ. ಒಲಿ ಮುಂದ ಕುಂತ ನನಗ ಕೇಳಿಸೈತಿ, ಸೀಟಿನ ಮ್ಯಾಲೆ ಕುಂತ ನಿಮಗ ಕೇಳಿಸ್ಲಿಲ್ಲ?’

‘ಅಂವ ಎತ್ತಿಗೆ ಹೇಳ್ಯಾನ. ನನಗ್ಯಾಕ ಬೇಕು ಎತ್ತಿನ ಮಾತು?’

‘ಹೌದು ಬಿಡ್ರಿ. ಎತ್ತಿಗೆ ತಿಳಿದದ್ದು ನಿಮಗ ಯಾಕ ತಿಳೀಬೇಕು?’ ಅಂದು ಒಳಗೆ ಹೋದಳು. ಹೋಗುವಾಗ ಪಾತ್ರೆ ಸದ್ದು ಮಾಡಿದಳು. ಆ ಸದ್ದು ಗಂಡಸರಿಗೆಲ್ಲ ಗೊತ್ತು.

ಡ್ರೈವರ್ ಒಂದು ಒಳ್ಳೆಯ ಮಾತು ಹೇಳಿದ, ‘ಮ್ಯಾಲಿನ ಓಣಿಯವರದು ಒಂದು ಟ್ರ್ಯಾಕ್ಟರ್ ಐತಿ, ಕೇಳೂಣೇನ್ರಿ?’ ಅಂತ. ಸಾಹುಕಾರ ಸಿಡಿದ. ‘ಮಂದಿ ಟ್ರ್ಯಾಕ್ಟರಿನ್ಯಾಗ ಹೋಗಿ ತಂಗಿ ಬಾಗಲಾಗ ಇಳೀಲೇನು?’ ಹೊತ್ತು ಇಳಿಯತೊಡಗಿತು. ಟ್ರೇಲರಿನಲ್ಲಿದ್ದ ಕಂಬದ ಎಲೆ ಬಾಡುತ್ತಿತ್ತು. ಬ್ಯಾಟರಿಯೂ ದಣಿಯಿತು. ಗರ್ರ್ ಅನ್ನುತ್ತಿದ್ದದ್ದು ಕ್ರ್ ಅಂದಿತು, ಆಮೇಲೆ ಟಕ್ ಅಂದಿತು, ಆಮೇಲೆ ಏನೂ ಅನ್ನಲಿಲ್ಲ.

‘ನೂಕ್ರಿ! ಇಳಿಜಾರಿಗೆ ಬಿಟ್ಟು ಹತ್ತಸ್ತೀನಿ’ ಅಂದ ಸಾಹುಕಾರ. ಗುಂಡಿ ಇನ್ನೂ ಹೊರಗೇ ಇದೆ, ನೆನಪಿರಲಿ. ಇಡೀ ಬೆಟ್ಟದ ಮೇಲಿಂದ ಬಿಟ್ಟರೂ ಹತ್ತುವುದಿಲ್ಲ ಅಂತ ಅವನಿಗೇ ಗೊತ್ತು! ಆದರೂ ನೂಕಿಸಿದ. ಜನ ಹೋ ಅಂತ ನೂಕಿದರು. ಟ್ರ್ಯಾಕ್ಟರ್ ಅಂಗಳ ಬಿಟ್ಟು ಓಣಿಗೆ ಇಳಿಯಿತು, ಉರುಳಿತು, ಕುಲುಕಾಡಿತು, ಜರತಾರಿ ಪಟಗ ಬಿಚ್ಚಿ ಕಣ್ಣಿನ ಮೇಲೆ ಬಿತ್ತು. ಬ್ರೇಕ್ ಒತ್ತಿದ. ಪಟಗ ಸರಿಸಿ ನೋಡಿದರೆ ಟ್ರ್ಯಾಕ್ಟರ್ ಸರಿಯಾಗಿ ಅಣ್ಣನ ಬಾಗಿಲ ಮುಂದೆ, ಸರದಾರನ ಮೂಗಿನ ಹತ್ತಿರ ನಿಂತಿದೆ. ಸರದಾರ ಬಾನೆಟ್ಟಿನ ಮೇಲಿನ ಕುದುರೆಯನ್ನು ನಾಲಿಗೆಯಿಂದ ನೆಕ್ಕಿತು.

ಚಕ್ಕಡಿ ಮುಂಜಾನೆ ಹೇಗೆ ಹೂಡಿತ್ತೋ ಹಾಗೆಯೇ ಇತ್ತು. ಸಾಹುಕಾರನಿಗೆ ಆಗ ಹೊಳೆಯಿತು. ಇವನಿಗೆ ಹೋಗಲು ಏನು ಅಡ್ಡಿ ಇತ್ತು? ಎತ್ತು ಸರಿ ಇದೆ, ಚಕ್ಕಡಿ ಸರಿ ಇದೆ. ಯಾವಾಗಲೋ ಹೋಗಿ ತಂಗಿಯ ಮನೆಯಲ್ಲಿ ಊಟ ಮಾಡಿ ಮಲಗಬಹುದಿತ್ತು. ಬಿಸಿಲಲ್ಲಿ ಯಾಕೆ ನಿಂತಿದ್ದ? ಅಣ್ಣನ ತಲೆಯ ಮೇಲೆ ಅದೇ ರುಮಾಲು. ಕನ್ನಡಿಯಲ್ಲಿ ಸಣ್ಣದಾಗಿ ಹೋಗಿತ್ತಲ್ಲ, ಅದೇ.

ಅಣ್ಣ ಸರದಾರನ ಕಡೆ ತಿರುಗಿ ಬಾಯಿ ತೆರೆದ. ಸಾಹುಕಾರನಿಗೆ ತಂಗಿ ನೆನಪಾದಳು. ಚಿಕ್ಕವಳಿದ್ದಾಗ ಒಂದು ಕೈಯಲ್ಲಿ ಅಣ್ಣನ ಬೆರಳು, ಇನ್ನೊಂದು ಕೈಯಲ್ಲಿ ಇವನ ಬೆರಳು ಹಿಡಿದು ನಡುವೆ ಜೋತಾಡುತ್ತಿದ್ದಳು. ಒಬ್ಬನೇ ಆದರೆ ಜೋತಾಡಲು ಆಗುವುದಿಲ್ಲ. ಈಗ ಬಾಗಿಲಲ್ಲಿ ಒನಕೆ ಹಿಡಿದು ನಿಂತಿರುತ್ತಾಳೆ ಅನಿಸಿತು.

‘ಅಣ್ಣಾ,’ ಅಂದ.

ಗಿರಣಿಯವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಬಿತ್ತು.

‘ಅಣ್ಣಾ, ಮುಂಜಾನೆ ನೀ ಏನೋ ಅಂದೆಲ್ಲ, ನನಗ ಸರಿ ಕೇಳಿಸ್ಲಿಲ್ಲ.’

‘ನಾ ನಿನಗ ಹೇಳ್ಲಿಲ್ಲ. ಸರದಾರಗ ಹೇಳಿದೆ.’

‘ಸರದಾರಗ ಹೇಳಿದ್ದನ್ನ ನನಗ ಹೇಳು.’

ಅಣ್ಣ ಸೊಂಟದಿಂದ ಕುಡುಗೋಲು ತೆಗೆದು ಟ್ರ್ಯಾಕ್ಟರ್ ಹತ್ತಿರ ಬಂದ. ‘ಮುಟ್ಟಬ್ಯಾಡ್ರಿ’ ಅಂತ ಡ್ರೈವರ್ ಅನ್ನುವಷ್ಟರಲ್ಲಿ ದಾರ ಕೊಯ್ದಾಗಿತ್ತು. ಗಂಟು ಅವನ ಅಂಗೈಗೆ ಬಿತ್ತು. ಅದರ ತೂಕ ನೋಡಿದ, ತಿರುಗಿಸಿ ನೋಡಿದ. ಒಂಟಿ ಚಪ್ಪಲಿ, ಲಾಳ, ಕಂಬಳಿ.

‘ತಮ್ಮಾ, ಇಷ್ಟೆಲ್ಲಾ ಯಾರ ಕಣ್ಣಿಗೆ ಕಟ್ಟೀದಿ?’

ಸಾಹುಕಾರ ನೆಲ ನೋಡಿದ. ನೆಲದಲ್ಲಿ ಏನಿದೆ? ಏನೂ ಇಲ್ಲ, ಆದರೂ ನೋಡಿದ.

‘ನನ್ನ ಕಣ್ಣಿಗೆ ಇಷ್ಟು ಜೋರೈತೇನೋ?’ ಅಂದ ಅಣ್ಣ. ‘ಚಾಳೀಸಾ ಹಾಕ್ಕೊಂಡ್ರೂ ನನಗ ಸೂಜ್ಯಾಗ ದಾರಾ ಪೋಣಿಸಾಕ ಬರೂದಿಲ್ಲ. ಈ ಕಣ್ಣೀಲೆ ನಿನ್ನ ಟ್ರ್ಯಾಕ್ಟರ್ ನಿಲ್ಲಸ್ತಿದ್ನೇನು ನಾ? ಅಷ್ಟು ಶಕ್ತಿ ಇದ್ದಿದ್ರ ಡಾಕ್ಟರ್ ಕಡೆ ಯಾಕ ಹೋಗ್ತಿದ್ದೆ?’

ಯಾರೋ ಕಿಸಕ್ಕಂದರು. ಅಣ್ಣನೂ ನಗಲು ನೋಡಿದ, ನಗು ಅರ್ಧಕ್ಕೆ ನಿಂತಿತು. ‘ಚಲೋ ಐತಿ ಅಂದಿದ್ದೆಪಾ ನಾ. ಖರೇನ ಚಲೋ ಇತ್ತು.’

ಸಾಹುಕಾರನ ಕಣ್ಣಲ್ಲಿ ನೀರು ಬಂತು. ‘ನೀ ಯಾಕ ಹೋಗ್ಲಿಲ್ಲ ಅಣ್ಣಾ, ಮುಂಜಾನೆ?’

‘ಬರೇ ತಪ್ಪಲಾ ಒಯ್ದು ಏನ್ ಮಾಡ್ಲಿ? ನನ್ನೊಬ್ಬನ್ನ ನೋಡಿದ್ರ ತಂಗಿ ಅಳ್ತಾಳ.’

ಅಣ್ಣ ಬೆರಳಿನಿಂದ ಗುಂಡಿ ಒತ್ತಿದ. ಟಪ್ ಅಂತ ಒಳಗೆ ಹೋಯಿತು. ಅಷ್ಟೇ ಕೆಲಸ, ನೋಡಿ. ಒಂದು ಬೆರಳಿನದು! ಆದರೆ ಬ್ಯಾಟರಿ ಸತ್ತಿತ್ತಲ್ಲ? ಅಣ್ಣ ಚಕ್ಕಡಿಯಿಂದ ಎತ್ತು ಬಿಚ್ಚಿದ, ಟ್ರ್ಯಾಕ್ಟರಿಗೆ ದಪ್ಪ ಹಗ್ಗ ಹಾಕಿ ಎತ್ತು ಹೂಡಿದ. ಹಿಂದೆ ಊರವರು ನೂಕಿದರು, ಮುಂದೆ ಸರದಾರ ಎಳೆಯಿತು. ಓಣಿ ಇಳಿಯುವಾಗ ಸಾಹುಕಾರ ಕ್ಲಚ್ ಬಿಟ್ಟ. ಟ್ರ್ಯಾಕ್ಟರ್ ಒಮ್ಮೆ ಬಿಕ್ಕಿತು, ಕರಿ ಹೊಗೆ ಉಗುಳಿತು, ಡಬಡಬಡಬ ಅಂತ ಹತ್ತಿತು! ಜನ ಕೇಕೆ ಹಾಕಿದರು. ಡ್ರೈವರ್ ‘ನಾ ಅಂದಿದ್ನೆಲ್ಲ, ಬ್ಯಾಟ್ರಿ ಅಂತ’ ಅಂದ.

ಹಗ್ಗ ಬಿಚ್ಚಿ, ತಪ್ಪಲನ್ನು ಟ್ರೇಲರಿಗೆ ಹಾಕಿಕೊಂಡರು. ಸಾಹುಕಾರ ಸೀಟಿನ ಮೇಲಿಂದ ಪಕ್ಕಕ್ಕೆ ಸರಿದು ಮಡ್‌ಗಾರ್ಡ್ ಒರೆಸಿದ. ಸ್ಪೀಕರ್ ಇದ್ದ ಜಾಗ ಖಾಲಿಯಾಗಿತ್ತಲ್ಲ, ಅಲ್ಲಿ ಒಬ್ಬ ಮನುಷ್ಯ ಕೂರುವಷ್ಟು ಜಾಗ ಆಗಿತ್ತು.

‘ಬಾ ಅಣ್ಣಾ, ಹತ್ತು’ ಅಂದ.

ಅಣ್ಣ ರುಮಾಲು ಸರಿಮಾಡಿಕೊಂಡು ಹತ್ತಿ ಕೂತ. ‘ಭಾಳ ಚಲೋ ಐತಿ’ ಅಂದ.

ಹೊತ್ತು ಮುಳುಗುವುದಕ್ಕೆ ಇನ್ನೇನು ಸ್ವಲ್ಪ ಇದೆ ಅನ್ನುವಾಗ ತಂಗಿಯ ಬಾಗಿಲು ಮುಟ್ಟಿದರು. ಕಂಬಕ್ಕೆ ಕುಣಿ ತೋಡಿ ಆಗಿತ್ತು. ಅವಳು ಕೈಯಲ್ಲಿ ಒನಕೆ ಹಿಡಿದು ನಿಂತಿದ್ದಳು, ಅದಕ್ಕೆ ಅರಿಷಿಣ ಹಚ್ಚಲು ಒಬ್ಬಳು ತಯಾರಾಗಿದ್ದಳು. ಇಬ್ಬರನ್ನೂ ಒಂದೇ ಗಾಡಿಯ ಮೇಲೆ ನೋಡಿದ್ದೇ ಒನಕೆ ಅಲ್ಲೇ ಬಿಟ್ಟು ಓಡಿ ಬಂದು ಒಂದು ಕೈಯಲ್ಲಿ ಅವನ ಬೆರಳು, ಇನ್ನೊಂದು ಕೈಯಲ್ಲಿ ಇವನ ಬೆರಳು ಹಿಡಿದುಕೊಂಡಳು. ಮಗಳ ಮದುವೆಗೆ ನಿಂತ ಹೆಂಗಸು, ತಲೆಯಲ್ಲಿ ನೆರೆಗೂದಲು, ಜೋತಾಡುವುದೊಂದು ಬಾಕಿ!

‘ಆ ಟ್ರ್ಯಾಕ್ಟರ್ ಬಂದ್ ಮಾಡ್ರೋ, ಏನೂ ಕೇಳಿಸವಲ್ದು!’ ಅಂದಳು.

‘ಬ್ಯಾಡ ಬ್ಯಾಡ!’ ಅಂದರು ಇಬ್ಬರೂ ಒಟ್ಟಿಗೆ. ‘ಇವತ್ತು ಯಾರೂ ಗುಂಡಿ ಜಗ್ಗಬ್ಯಾಡ್ರಿ!’

ಕಂಬ ನಿಲ್ಲಿಸುವಾಗ ಟ್ರ್ಯಾಕ್ಟರ್ ಡಬಡಬ ಅನ್ನುತ್ತಲೇ ಇತ್ತು. ಹಾಡೂ ಕೇಳಿಸಲಿಲ್ಲ, ಮಂತ್ರವೂ ಕೇಳಿಸಲಿಲ್ಲ. ಆದರೂ ಅಂಥ ಒಳ್ಳೆಯ ಹಂದರ ಆ ಊರಲ್ಲಿ ಯಾರೂ ಕಂಡಿರಲಿಲ್ಲ ಅನ್ನುತ್ತಾರೆ.

ನಕ್ಕಿರಿ. ಚೆನ್ನಾಗಿ ನಕ್ಕಿರಿ. ಈಗ ನಿಮ್ಮ ಪಾಳಿ.

ಆ ಸಾಹುಕಾರನಿಗೆ ಗುಂಡಿ ಎಲ್ಲಿದೆ ಅಂತ ಗೊತ್ತಿರಲಿಲ್ಲವೇ? ಮುಂಜಾನೆಯೇ ಗೊತ್ತಾಗಿತ್ತು. ನಿಮಗೆ ಗೊತ್ತಿಲ್ಲವೇ? ನಿಮ್ಮ ಮನೆಯ ಗಾಡಿ ಎಲ್ಲಿ ನಿಂತಿದೆ, ಯಾರ ಜೊತೆ ಮಾತು ಬಿಟ್ಟ ದಿನದಿಂದ ನಿಂತಿದೆ, ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬ್ಯಾಟರಿ ಉಜ್ಜುತ್ತೀರಿ. ಗೊತ್ತಿದ್ದೂ ಮನೆಯ ಬಾಗಿಲ ದಿಕ್ಕು ಬದಲಾಯಿಸುತ್ತೀರಿ, ನನ್ನ ಹತ್ತಿರ ಬಂದು ತಾಯತ ಕೇಳುತ್ತೀರಿ. ನಾನು ತಾಯತ ಕೊಟ್ಟರೆ ಅದನ್ನೇ ಒಯ್ದು ಆ ಗುಂಡಿಗೇ ಕಟ್ಟುತ್ತೀರಿ! ಯಾರ ಕಣ್ಣು ಬೀಳಬಾರದು ಅಂತ ಗಂಟು ಕಟ್ಟಿದಿರೋ ಆ ಕಣ್ಣೇ ನಿಮ್ಮ ಗುಂಡಿಯನ್ನು ನೋಡಿತ್ತು. ನಿಮ್ಮ ಕೆಡುಕು ನೋಡಲು ಅಲ್ಲ, ನಿಮಗಾಗಿ ಬಿಸಿಲಲ್ಲಿ ನಿಂತು ನೋಡಿತ್ತು. ದೇವರು ಯಾಕೆ ಕೇಳುವುದಿಲ್ಲ ಅಂದರಲ್ಲ ಹಿರಿಯರೇ, ದೇವರು ಹೇಳುತ್ತಲೇ ಇದ್ದಾನೆ. ನಿಮ್ಮ ಅಣ್ಣನ ಬಾಯಿಂದ ಹೇಳಿಸಿದರೆ ‘ಅದು ನನಗಲ್ಲ, ಎತ್ತಿಗೆ’ ಅಂತ ನೀವೇ ಮುಖ ತಿರುಗಿಸುತ್ತೀರಿ.

ಅತ್ತೆ ಪಾತ್ರೆಗೆ ಹೇಳುವುದು ಬೇಡ, ಸೊಸೆ ಕಸಬರಿಗೆಗೆ ಹೇಳುವುದು ಬೇಡ. ಮಗನ ಜೊತೆ ಮಾತು ಬಿಟ್ಟು ‘ಅವನಿಗೆ ಹೇಳು’ ಅಂತ ಹೆಂಡತಿಗೆ ಹೇಳುವ ಅಪ್ಪಂದಿರೇ, ಅವನು ಎದುರಿಗೇ ಕೂತಿರುತ್ತಾನೆ, ಅವನಿಗೇ ಹೇಳಿ. ಗಾಡಿಯಲ್ಲಿ ಜಾಗ ಇಲ್ಲ ಅನ್ನಬೇಡಿ, ನಿಮ್ಮ ಸ್ಪೀಕರ್ ಇಳಿಸಿ ನೋಡಿ, ಜಾಗ ಆಗುತ್ತದೆ.

ದೊಡ್ಡ ವ್ರತ ಏನೂ ಹೇಳುವುದಿಲ್ಲ. ಈಗ ಪ್ರಸಾದಕ್ಕೆ ಎಲೆ ಹಾಕುತ್ತಾರೆ. ನೀವು ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರೂ ಈ ಮಂಟಪದಲ್ಲೇ ಇದ್ದಾರೆ. ಒಬ್ಬರು ಆ ಕಂಬಕ್ಕೆ, ಒಬ್ಬರು ಈ ಕಂಬಕ್ಕೆ ಒರಗಿ ಕೂತದ್ದನ್ನು ನಾನು ಪ್ರವಚನದ ಮೊದಲ ದಿನದಿಂದ ನೋಡುತ್ತಿದ್ದೇನೆ, ನನ್ನ ಕಣ್ಣಿಗೆ ಇನ್ನೂ ಚಾಳೀಸ ಬಂದಿಲ್ಲ. ಎದ್ದು ಹೋಗಿ ಅವರ ಪಕ್ಕದ ಎಲೆಗೆ ಕೂತುಕೊಳ್ಳಿ. ಕ್ಷಮೆ ಕೇಳಲು ಬಾಯಿ ಬರದಿದ್ದರೆ ಬೇಡ. ‘ಅಣ್ಣಾ, ಆ ಉಪ್ಪು ಇತ್ತ ಕೊಡು’ ಅನ್ನಿ, ಅಷ್ಟು ಸಾಕು. ಬಡಿಸುವವನಿಗೆ ಹೇಳಬೇಡಿ. ಅವರಿಗೇ ಹೇಳಿ, ಹೆಸರು ಹಿಡಿದು, ಮುಖ ನೋಡಿ.

ಏಳಿ, ಎಲೆ ಹಾಕಿದ್ದಾರೆ. ಆ ಕಂಬದವರು ಯಾಕೆ ಇನ್ನೂ ಕೂತೇ ಇದ್ದೀರಿ? ಈ ಕಥೆ ನಾನು ಎತ್ತಿಗೆ ಹೇಳಿದ್ದಲ್ಲ. ನಿಮಗೇ ಹೇಳಿದ್ದು.